ಹಿಂದಿನ ಕಡಾಯಿ

ಗೋಕುಳ ಶಿರಗಾಂವದಾಗ ನಮ್ಮ ಶೆಡ್ಡು,
ಹೆದ್ದಾರಿ ಮಗ್ಗಲಕ್ಕ, ತಗಡಿನ ಮಾಡು.
ಕಬ್ಬಿನ ಟ್ರಾಲಿಯ ಪಿನ್ನು ಇಲ್ಲಿ ಗಟ್ಟಿಯಾಗತಾವ:
ಎಂಟುನೂರಾ ನಲವತ್ತು ಡಿಗ್ರಿ, ಬುಟ್ಟಿಗೆ ಒಂದೂವರಿ ತಾಸು,
ಆಮ್ಯಾಲೆ ಎಣ್ಣಿ.
ಬೆಂಕಿಯಿಂದ ಎಣ್ಣಿಗೆ ಆರು ಹೆಜ್ಜಿ.
ಏಳನೇ ಹೆಜ್ಜಿ ಇಟ್ಟರ ಪಿನ್ನು ಮೆತ್ತಗ.

ಮೊದಲು ನಾ ಬಣ್ಣ ನೋಡಿ ಹೇಳತಿದ್ದೆ.
ಈಗ ಮೀಟರ್ ಹೇಳತೈತಿ, ನಾ ಬರಕೋತೇನಿ.
ಇಬ್ಬರ ನಡುವ ಐದು ಡಿಗ್ರಿಯ ಜಗಳ ಇನ್ನೂ ಐತಿ.

ಫರ್ನೇಸ್ ಆಯಿಲ್ ದರ ಏರಿದ ವರ್ಷ
ಜಾಧವ ಸೇಟು ಪುಣೆಯಿಂದ ಒಬ್ಬರನ್ನ ಕರಸಿದ.
ಎರಡು ದಿನ ಇದ್ದರು. ಬಾಗಿಲದ ಸಂದಿಗೆ ಕೈ ಹಿಡಿದರು,
ಭಟ್ಟಿಯ ಗ್ವಾಡಿ ಮುಟ್ಟಿ ಬೆರಳು ಊದಿಕೊಂಡರು.
ಬಾಗಿಲ ಕಡಿಮಿ ತೆರೀರಿ ಅಂದರು,
ಬುಟ್ಟಿ ತುಂಬಿದ ಮ್ಯಾಲೇ ಹಾಕ್ರಿ ಅಂದರು.
ಖರೆ ಮಾತು, ಎರಡೂ.
ಒಳಗಿನ ಇಟ್ಟಂಗಿ ತಗದು
ಬಿಳಿ ಉಣ್ಣಿಯಂಥಾದ್ದು ಹೊದಿಸ್ರಿ ಅಂದಾಗ
ಸೇಟು ಅದರ ದರ ಕೇಳಿ
ಎಲ್ಲಾರಿಗೂ ಚಾ ತರಿಸಿದ.

ಯಮನವ್ವ ಪಿನ್ನಿಗೆ ತಂತಿ ಕಟ್ಟಾಕಿ. ಜತ್ತ ತಾಲೂಕಿನಾಕಿ.
ಹಾಜರಿ ಪುಸ್ತಕದಾಗ 'ಹೆಲ್ಪರ್ ಮೂರು'.
ಗಂಡ ಬೆಲ್ಲದ ಗಾಣದಾಗ ಒಲಿ ಉರಸಾಂವ.
ಒಂದಿನ ಪಾಳಿ ಮುಗಿಯೂ ಹೊತ್ತಿನ್ಯಾಗ
ಚಿಮಣಿ ನೋಡಕೋತ ಕೇಳಿದಳು:
"ಅಣ್ಣಾ, ಆ ಬಿಸಿ ಎಲ್ಲಿ ಹೋಗತೈತಿ?"
"ಮ್ಯಾಲೆ."
"ಮ್ಯಾಲೆ ಯಾರದಾರ?"
ನನಗ ಉತ್ತರ ಬರಲಿಲ್ಲ.

"ನಮ್ಮ ಗಾಣದಾಗ ಒಲಿ ಹಿಂದ ಇನ್ನೊಂದ ಕಡಾಯಿ.
ಹೊಗಿ ಅದರ ಬುಡ ನೆಕ್ಕೇ ಹೋಗಬೇಕು.
ಮುಂದಿಂದು ಬೆಲ್ಲ ಆಗೂದ್ರಾಗ
ಹಿಂದಿನ ಕಬ್ಬಿನ ಹಾಲು ಅರ್ಧ ಕಾದಿರತೈತಿ.
ನೀವು ನೋಡಿದರ, ತಣ್ಣನ ಕಬ್ಬಣಾನ
ನಿದ್ದಿಗಣ್ಣಿನ ಕೂಸಿನ್ನ ಸಾಲಿಗೆ ದಬ್ಬಿದಂಗ ದಬ್ಬತೀರಿ."

ಭಂಗಾರದಾಗ ಬಿದ್ದಿದ್ದ ತಗಡು, ನಾಲ್ಕು ಆಂಗಲ್,
ವೆಲ್ಡರ್ ಮುಲ್ಲಾನ ಎರಡು ಭಾನುವಾರ.
ಚಿಮಣಿಯ ಕುತ್ತಿಗಿ ಬಗ್ಗಿಸಿ, ಅಲ್ಲೊಂದು ಪೆಟ್ಟಿಗಿ.
ಮೊದಲನೇ ಸಲ ಬಗ್ಗಿಸಿದ್ದು ಹೆಚ್ಚಾಗಿ
ಹೊಗಿ ತಿರುಗಿ ಬಂದು ಎಲ್ಲಾರ ಮಾರಿ ಕರ್ರಗ.
ಸೇಟು ಮರಾಠಿಯೊಳಗ ಬೈದ,
ಯಮನವ್ವ ಕನ್ನಡದಾಗ ನಕ್ಕಳು.
ಎರಡನೇ ಸಲ ಚಿಮಣಿ ಉಸಿರೆಳಕೊಂತು.

ಬುಟ್ಟಿ ಆ ಪೆಟ್ಟಿಗಿಯೊಳಗ ಕೂತಾಗ
ಪಿನ್ನು ಮೊದಲು ಒಣಹುಲ್ಲಿನ ಬಣ್ಣ,
ಆಮ್ಯಾಲೆ ಬದನಿಕಾಯಿ,
ಆಮ್ಯಾಲೆ ಒಂದು ನೀಲಿ,
ಅದಕ್ಕ ನಮ್ಮ ರಜಿಸ್ಟರದಾಗ ಕಾಲಮ್ಮಿಲ್ಲ.
ಮುನ್ನೂರು ಡಿಗ್ರಿ, ಪುಕ್ಕಟ.
ಅಲ್ಲಿಂದ ಭಟ್ಟಿಗೆ ಹೋದರ ತಾಸು ಹತ್ತು ಮಿನಿಟಿಗೆ ಕೆಲಸ ಮುಗೀತು.
ಪಾಳಿಗೆ ಹದಿನೆಂಟು ಲೀಟರ್ ಉಳೀತು.
ನೂರಕ್ಕ ಏಳು ಸೊಟ್ಟಾಗತಿದ್ದವು, ಈಗ ಎರಡು.
ಗಟ್ಟಿತನ ಐವತ್ತೆರಡು, ಮೊದಲಿನಷ್ಟ.

ಸೇಟು ಆಫೀಸಿನ್ಯಾಗ ಒಂದು ಬೋರ್ಡ್ ಹಾಕಿಸಿದ,
ಉಳಿತಾಯದ ಗೆರಿ ಗುಡ್ಡ ಏರಿದಂಗ,
ಕೆಳಗ ಪುಣೆಯವರ ಹೆಸರು.
ನಾ ಹೋಗಿ ಖರೆ ಏನಂತ ಹೇಳಿದೆ.
"ಹೋ ಕಾ?" ಅಂದ, ಪೆನ್ನಿನ ಟೋಪಿ ತಗದ, ಮತ್ತ ಹಾಕಿದ.
ಮುಂದಿನ ತಿಂಗಳು ಆಕಿಯ ಪಗಾರಕ್ಕ ಮುನ್ನೂರು ಕೂಡಿತು.
"ಡಿಗ್ರಿಗೊಂದು ರೂಪಾಯಿ," ಮುಲ್ಲಾ ಚಾಷ್ಟಿ ಮಾಡಿದ.
ಹೆಸರು ಮಾತ್ರ 'ಹೆಲ್ಪರ್ ಮೂರು'.

ಆಕಿ ಅದನ್ನ ಮನಸಿಗೆ ಹಚ್ಚಿಕೊಳ್ಳಲಿಲ್ಲ.
ಹಚ್ಚಿಕೊಂಡಳೋ ಏನೋ, ನಾ ಕೇಳಿಲ್ಲ.
ಎಣ್ಣಿ ಒರಸಿದ ಒಂದು ಪಿನ್ನು ತೊಡಿ ಮ್ಯಾಲೆ ಇಟ್ಟುಕೊಂಡು
ಅರ ತಗೊಂಡು ತಿಕ್ಕಿದಳು, ಜೋರಾಗೇ.
ಅರ ಜಾರಿತು. ಗೀರು ಬೀಳಲಿಲ್ಲ.
"ಹ್ಞಾಂ," ಅಂದು
ಮುಂದಿನ ಬುಟ್ಟಿಗೆ ತಂತಿ ಹಿರಿದಳು.